ನನ್ನ ಕೈಗೆ ಮಾತ್ರ ಹತ್ತುತ್ತಿದ್ದ ದೀಪ

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟುಕೊಂಡು ಬರೆಯಲು ಕೂತರೆ ಒಂದು ಸಾಲೂ ಮುಂದೆ ಹೋಗುವುದಿಲ್ಲ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಜಗಳವಾಡಬಹುದಿತ್ತು, ಬೇರೆ ಒಲೆ ಹೂಡಬಹುದಿತ್ತು, ತವರಿಗೆ ಹೋದಾಗ ಹೇಳಿಕೊಳ್ಳಲು ನಾಲ್ಕು ಮಾತಿರುತ್ತಿತ್ತು. ಆದರೆ ಅವಳು ಒಳ್ಳೆಯವಳು. ನಾನು ಎದ್ದು ಬರುವಷ್ಟರಲ್ಲಿ ನನ್ನ ಪಾಲಿನ ಟೀ ಸೋಸಿ ಮುಚ್ಚಿಟ್ಟಿರುತ್ತಾಳೆ. ಅದಕ್ಕೇ ಇನ್ನೂ ಉರಿ.

ನನ್ನ ತವರು ಹೊಸದುರ್ಗದ ಕಡೆ, ಅವಳದು ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವರಪುರ. ಅಣ್ಣತಮ್ಮಂದಿರನ್ನು ಮದುವೆಯಾಗಿ ಇಬ್ಬರೂ ಹಿರಿಯೂರಿನ ಆಚೆ, ಆದಿವಾಲದ ಪಕ್ಕದ ಈ ಮನೆಗೆ ಬಂದು ಸೇರಿದೆವು. ನಾನು ಮೊದಲು, ಅವಳು ಆಮೇಲೆ. ಮನೆ ಕುರಿ ಸಾಕುವವರದು. ಮಾವ ಇರುವವರೆಗೆ ದೊಡ್ಡ ಹಿಂಡಿತ್ತಂತೆ. ಈಗ ಹಟ್ಟಿಯಲ್ಲಿ ಸ್ವಲ್ಪ ಕುರಿಗಳು ಉಳಿದಿವೆ, ಹೊಲದಲ್ಲಿ ಸೇವಂತಿಗೆ ಬೆಳೆಯುತ್ತೇವೆ. ಅತ್ತೆ ಮಾತ್ರ ಇವತ್ತಿಗೂ ಲೋಕವನ್ನೆಲ್ಲ ಕುರಿಯ ಲೆಕ್ಕದಲ್ಲೇ ನೋಡುವುದು. ಮೊಮ್ಮಗ ಊಟ ಬಿಟ್ಟರೆ "ಮರಿ ಸೊರಗೈತೆ" ಅನ್ನುತ್ತಾರೆ. ಮಗ ಪೇಟೆಗೆ ಹೋಗಿ ತಡವಾದರೆ "ಹಿಂಡು ಬಿಟ್ಟೈತೆ" ಅನ್ನುತ್ತಾರೆ.

ಇಂಥ ಅತ್ತೆಗೆ ಚಿಕ್ಕ ಸೊಸೆಯ ಕೈಗುಣದ ಮೇಲೆ ಎಲ್ಲಿಲ್ಲದ ನಂಬಿಕೆ. ಅವಳು ನೆಟ್ಟ ಕರಿಬೇವು ಹತ್ತಿತು, ಅದರ ಪಕ್ಕದಲ್ಲೇ ನಾನು ನೆಟ್ಟದ್ದು ಒಣಗಿತು. ಮಾಗಿಯ ಚಳಿಯಲ್ಲಿ ನಾನು ಹೆಪ್ಪು ಹಾಕಿದ ಹಾಲು ಬೆಳಗಾದರೂ ಹಾಲೇ; ಅವಳು ಹಾಕಿದ್ದು ಗಟ್ಟಿ ಮೊಸರು. ಈಯಲು ಒದ್ದಾಡುವ ಕುರಿಯ ಬೆನ್ನು ಅವಳು ಸವರಿದರೆ ಸಾಕು, ಮರಿ ಹೊರಗೆ ಬರುತ್ತದೆ. "ಅವಳ ಕೈಗುಣ ಕಣವ್ವ, ಏನು ಮಾಡಾಕಾಗ್ತೈತೆ" ಎಂದು ಅತ್ತೆ ನನ್ನ ಮುಂದೆಯೇ ಹೇಳುತ್ತಾರೆ. ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳುತ್ತಾರಲ್ಲ, ಅದಕ್ಕೆ ಮೈಯೆಲ್ಲ ಉರಿಯುವುದು.

ಇಡೀ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದೇ: ಬೆಳಗಿನ ಹೂವಿನ ಪಯಣ.

ಅಣ್ಣತಮ್ಮಂದಿರು ಸೇರಿ ಒಂದು ಹಳೇ ಸಣ್ಣ ಕಾರು ಕೊಂಡಿದ್ದರು. ನನ್ನ ಗಂಡ ಅದನ್ನು ಓಡಿಸಲು ಹೋಗಿ, ತಿರುವಿನಲ್ಲಿ ಬ್ರೇಕ್ ತುಳಿಯುವ ಬದಲು "ಹೋ ಹೋ" ಎಂದು ಕೂಗಿ, ನೆಟ್ಟಗೆ ಮೇವಿನ ಬಣವೆಗೆ ನುಗ್ಗಿಸಿದ. ಮೈದುನ ಅದನ್ನು ನೋಡಿಯೇ ಕೈಮುಗಿದ. ಹಾಗಾಗಿ ನಾನು ಕಲಿತೆ. ಕಲಿತ ಮೇಲೆ ವಾರಗಿತ್ತಿಗೂ ನಾನೇ ಕಲಿಸಿದೆ, ಅಂಥ ದಡ್ಡಿ ನಾನು. ಸಂಜೆ ಬಿಡಿಸಿದ ಹೂವನ್ನು ಚೀಲಕ್ಕೆ ತುಂಬಿ ಹಿಂದಿನ ಸೀಟು ಮಡಚಿ ಜೋಡಿಸಿಟ್ಟರೆ, ನಸುಕಿನಲ್ಲಿ ನಾನು ಚಿತ್ರದುರ್ಗದ ಹೂವಿನ ಮಾರುಕಟ್ಟೆಗೆ ಒಯ್ಯುತ್ತಿದ್ದೆ. ಬಿಸಿಲೇರಿದ ಮೇಲೆ ವಾಪಸು ಬಂದು ಕೀ ಕೊಟ್ಟರೆ, ಆಮೇಲೆ ಕಾರು ಅವಳದು. ಅವಳು ಹೊಲಿದ ರವಿಕೆಗಳನ್ನು ಹಿರಿಯೂರಿನ ಅಂಗಡಿಗಳಿಗೆ ಕೊಟ್ಟು, ಬ್ಯಾಂಕಿಗೆ ಹೋಗಿ, ಸಂಜೆ ಮಕ್ಕಳನ್ನು ಸ್ಕೂಲಿನಿಂದ ಕರೆತರುತ್ತಿದ್ದಳು.

ಆ ಬೆಳಗಿನ ಹೊತ್ತನ್ನು ಏನಂತ ಹೇಳಲಿ! ಹಿರಿಯೂರು ದಾಟಿ ಐಮಂಗಲ ಬರುವಷ್ಟರಲ್ಲಿ ಬೆಳಕು ಹರಿಯುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಮಂಜಿನಲ್ಲಿ ಅರ್ಧ ಮಾತ್ರ ಕಾಣುತ್ತವೆ. ಕಾರಿನ ತುಂಬ ಸೇವಂತಿಗೆಯ ಘಮ. ಅಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ, ಯಾರೂ ಮೊಸರಿನ ಬಗ್ಗೆ ಮಾತಾಡುವುದಿಲ್ಲ. ಮಾರುಕಟ್ಟೆಗೆ ಹೋದರೆ ಮಂಡಿಯ ಯಜಮಾನರು ದೂರದಿಂದಲೇ "ಆದಿವಾಲದಕ್ಕ ಬಂದ್ರು, ಜಾಗ ಬಿಡ್ರೋ" ಅನ್ನುತ್ತಾರೆ. ಮನೆಯಲ್ಲಿ ನನಗೆ ಯಾರೂ ಜಾಗ ಬಿಟ್ಟಿದ್ದು ನೆನಪಿಲ್ಲ.

ಆ ವರ್ಷ ಚಳಿ ಜೋರಾಗಿತ್ತು. ಒಂದು ಬೆಳಗ್ಗೆ ಕೀ ತಿರುಗಿಸಿದೆ. ಸ್ಟಾರ್ಟ್ ಮಾಡುವಾಗ ಸ್ಟಿಯರಿಂಗ್ ಹಿಂದಿನ ದೀಪಗಳೆಲ್ಲ ಒಮ್ಮೆ ಹತ್ತಿ ಆರುತ್ತವಲ್ಲ, ಅವತ್ತು ಎಲ್ಲ ಆರಿದವು, ಒಂದು ಆರಲಿಲ್ಲ. ಇಂಜಿನ್ನಿನ ಚಿತ್ರವಿರುವ ಹಳದಿ ದೀಪ. ನಾನು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಅದು ಹಾಗೇ ಉರಿಯುತ್ತಿತ್ತು. ಗಂಡನನ್ನು ಕೂಗಿದೆ. ಆತ ಕಣ್ಣುಜ್ಜಿಕೊಂಡು ಬಂದು, ಇಣುಕಿ ನೋಡಿ, ಮೊದಲು ಆಡಿದ ಮಾತು ಏನು ಗೊತ್ತಾ? "ಏನ್ ಮಾಡ್ದೆ ಲೇ ನೀನು?"

ನಾನು ಏನೂ ಮಾಡಿರಲಿಲ್ಲ. ಹೂ ಬಾಡುತ್ತದೆಂದು ಹೊರಟೆ. ದಾರಿಯುದ್ದಕ್ಕೂ ಆ ದೀಪ ನನ್ನನ್ನೇ ನೋಡುತ್ತಿತ್ತು. ಹೋಗಿ ಬಂದು ವಾರಗಿತ್ತಿಯ ಕೈಗೆ ಕೀ ಕೊಡುವಾಗ ಹೇಳಿದೆ, "ಲೈಟ್ ಹತ್ತೈತೆ ಕಣೇ, ಹುಷಾರು." ಅವಳು ತನ್ನ ಕೆಲಸಕ್ಕೆಲ್ಲ ಓಡಾಡಿ ಸಂಜೆ ಬಂದವಳು ಬಾಗಿಲಲ್ಲೇ ಹೇಳಿದಳು, "ಅಕ್ಕ, ಆ ಲೈಟು ತಾನೇ ಆರೋತು."

ಮಾರನೆಯ ಬೆಳಗ್ಗೆ ನನಗೆ ಮತ್ತೆ ಹತ್ತಿತು. ಸಂಜೆಗೆ ಅವಳಿಗೆ ಮತ್ತೆ ಆರಿತು. ಅದರ ಮಾರನೆಯ ದಿನವೂ ಅದೇ ಕತೆ.

ಅತ್ತೆ ಬರೀ ನನ್ನ ಕೈ ನೋಡಿದರು. ಬಾಯಿಬಿಟ್ಟು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಂಜೆ ಕಾರಿಗೆ ದೃಷ್ಟಿ ನಿವಾಳಿಸಿ, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, "ಹತ್ತಿಸು" ಎಂದರು. ಹತ್ತಿಸಿದೆ. ಹಣ್ಣು ಜಜ್ಜಿಹೋಯಿತು, ಬೆಳಗ್ಗೆ ದೀಪ ಮತ್ತೆ ಹತ್ತಿತು. ಪೆಟ್ರೋಲ್ ಮುಚ್ಚಳ ಸಡಿಲವಾಗಿದ್ದರೂ ಹೀಗಾಗುತ್ತದೆ ಎಂದು ಯಾರೋ ಹೇಳಿದರೆಂದು ಅದನ್ನು ಕಟಕಟ ಅನ್ನುವವರೆಗೆ ತಿರುವಿದೆ. ಬೇರೆ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆ. ಒಂದು ದಿನವಂತೂ, ನಗಬೇಡಿ, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಎಡಗೈಯಲ್ಲಿ ಕೀ ತಿರುಗಿಸಿ ನೋಡಿದೆ. ಕೈಗುಣ ಅಂದರೆ ಯಾವ ಕೈಯದು ಎಂದು ಯಾರೂ ಹೇಳಿರಲಿಲ್ಲವಲ್ಲ. ದೀಪ ಹತ್ತಿತು. ನನ್ನ ಎರಡು ಕೈಯೂ ಒಂದೇ ಜಾತಿ.

ಆ ಚಳಿಯಲ್ಲಿ ನನ್ನ ಕಣ್ಣಿಗೆ ಇನ್ನೊಂದು ಬಿತ್ತು. ಅತ್ತೆಯ ಹತ್ತಿರ ಒಂದು ಕರಿ ಕಂಬಳಿಯಿದೆ. ಮಾವ ತಮ್ಮ ಹಿಂಡಿನ ಉಣ್ಣೆಯಲ್ಲೇ ಹೇಳಿ ನೇಯಿಸಿ ಕೊಟ್ಟದ್ದು. ಅದನ್ನು ಮಕ್ಕಳು ತುಳಿದರೂ ಅತ್ತೆಗೆ ಕೋಪ ಬರುತ್ತದೆ. ಅಂಥದ್ದರಲ್ಲಿ ಮುಂಜಾನೆ ಹೊರಗೆ ಬಂದರೆ ಅತ್ತೆ ಬರೀ ಸೆರಗು ಹೊದ್ದು, ಮೊಣಕಾಲು ಎದೆಗೆ ಒತ್ತಿಕೊಂಡು ಒಲೆಯ ಮುಂದೆ ಕೂತಿರುತ್ತಿದ್ದರು.

"ಕಂಬಳಿ ಎಲ್ಲೈತೆ ಅತ್ತೆ?" ಎಂದು ಕೇಳಿದೆ.

"ಐತೆ ಬಿಡು" ಎಂದರು.

ಐತೆ ಅಂದರೆ ಎಲ್ಲಿ? ನನಗೆ ಆ ಕ್ಷಣವೇ ತಿಳಿದುಹೋಯಿತು, ಚಿಕ್ಕ ಸೊಸೆಗೆ ಕೊಟ್ಟಿದ್ದಾರೆ. ಅವಳಿಗೆ ಹಿಂದಿನ ವರ್ಷ ಚಳಿಜ್ವರ ಬಂದಿತ್ತು, ಈ ಸಲ ಬರದಿರಲಿ ಎಂದು ಹೊದಿಸಿದ್ದಾರೆ. ಮೂಸಿ ನೋಡುವವಳ ಹಾಗೆ ಅವಳ ಕೋಣೆಯ ಬಾಗಿಲಿಗೆ ಎರಡು ಸಲ ಹೋಗಿ ಬಂದೆ. ಕಂಬಳಿ ಕಾಣಲಿಲ್ಲ. ಅವಳು ಒಳಗೆ ಮಡಚಿಟ್ಟಿರಬೇಕು ಎಂದುಕೊಂಡೆ. ಹೊಟ್ಟೆಕಿಚ್ಚು ಇರುವವಳಿಗೆ ಕಾಣದ ವಸ್ತುವೂ ಸಾಕ್ಷಿಯೇ. ಅವತ್ತು ಹಗಲೆಲ್ಲ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳು "ಯಾಕಕ್ಕ, ತಲೆನೋವಾ?" ಎಂದು ಅಮೃತಾಂಜನ ತಂದುಕೊಟ್ಟಳು. ಅದನ್ನೂ ಹಚ್ಚಿಕೊಂಡು ಉರಿಸಿಕೊಂಡೆ.

ಕೊನೆಗೆ ಹಿರಿಯೂರಿನ ಮೆಕ್ಯಾನಿಕ್ಕಿನ ಹತ್ತಿರ ಒಯ್ದೆ. ಆತ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿ ನೋಡಿ, "ಇಂಜಿನ್ ಎಷ್ಟು ಬಿಸಿ ಐತೆ ಅಂತ ಹೇಳೋ ಸೆನ್ಸರ್ ಐತಲ್ಲಕ್ಕ, ಅದರದು ಏನೋ ಕಂಪ್ಲೇಂಟ್ ತೋರಿಸ್ತೈತೆ" ಎಂದ. ಆ ಸೆನ್ಸರನ್ನೇ ಬದಲಾಯಿಸಿದ. ಅದಕ್ಕೆ ಸಿಕ್ಕಿಸುವ ಪ್ಲಗ್ಗಿನ ಕೊಂಡಿ ಮುರಿದಿತ್ತು. "ಹಳೇ ಗಾಡಿ, ಇದೆಲ್ಲ ಇರ್ತಾವೆ. ಗಟ್ಟಿಯಾಗಿ ಕೂತೈತೆ, ತೊಂದ್ರೆ ಇಲ್ಲ" ಎಂದು ಒತ್ತಿ ಕೂರಿಸಿದ. ಸ್ಕ್ಯಾನರಿನಲ್ಲೇ ದೀಪ ಆರಿಸಿ ಕಳಿಸಿದ. ನನಗೆ ಹಬ್ಬ ಮಾಡಿದಷ್ಟು ಖುಷಿ. ಮನೆಗೆ ಬಂದು ಅತ್ತೆಗೆ ಕೇಳುವ ಹಾಗೆ, "ಸೆನ್ಸರ್ ಹೋಗಿತ್ತಂತೆ, ಕೈಗುಣ ಗಿಯಿಗುಣ ಏನೂ ಅಲ್ಲ" ಎಂದು ಗಂಡನಿಗೆ ಹೇಳಿದೆ.

ಬೆಳಗ್ಗೆ ದೀಪ ಹತ್ತಿತು.

ಆ ಹೊತ್ತಿನಲ್ಲಿ ಹಟ್ಟಿಯ ಮುಂದೆ ಪೊರಕೆ ಹಿಡಿದು ನಿಂತಿದ್ದ ಅತ್ತೆ, "ಯಾಕವ್ವ, ಇವತ್ತೂ ಕೇಳಲಿಲ್ವಾ?" ಎಂದರು. ನನಗೆ ಅಳು ಬಂತು. ಕಾರಿನ ಬಾಗಿಲು ದಢಾರನೆ ಹಾಕಿಕೊಂಡು, "ಈ ಚಳಿಗೆ ನಾನೇ ಮರಗಟ್ಟೀನಿ, ಇಂಜಿನ್ ಮರಗಟ್ಟಲ್ವಾ? ಥಂಡಿ ಹಿಡಿದೈತೆ ಅದಕ್ಕೆ!" ಎಂದು ಕೂಗಿ ಹೊರಟುಬಿಟ್ಟೆ. ಚಳಿ ಶುರುವಾದಾಗಿನಿಂದ, ದೀಪ ಹತ್ತುವುದಕ್ಕೂ ಮೊದಲೇ, ಕಾರಿಗೆ ಥಂಡಿ ಹಿಡಿಯುತ್ತದೆ ಎಂದು ದಿನಾ ನಾನು ಹೀಗೇ ಗೊಣಗುತ್ತಿದ್ದೆ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ ಆತ ಹೇಳಿದ, "ನನ್ ಹತ್ರ ಬರಾ ಹೊತ್ತಿಗೆ ಗಾಡಿ ಬಿಸಿಯಾಗಿರ್ತೈತೆ, ಎಲ್ಲಾ ಸರಿ ತೋರಿಸ್ತೈತೆ. ಬೆಳಗ್ಗೆ ಲೈಟ್ ಹತ್ತಿದ ತಕ್ಷಣ ಇಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ವಿಡಿಯೋ ಕಾಲ್ ಹಚ್ರಿ. ಥಂಡಿ ಇದ್ದಾಗಲೇ ನೋಡ್ಬೇಕು ಅದನ್ನ."

ಅಷ್ಟರಲ್ಲಿ ಮನೆಯಲ್ಲಿ ಬೇರೆ ತೀರ್ಮಾನವೇ ಬೇಯುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಗಂಡುಮಕ್ಕಳಿಗೆ ಹೇಳಿದರು, "ನಾಳೆ ಒಂದಿನ ಹೂವ ಚಿಕ್ಕವಳು ತಗಂಡೋಗಿ ನೋಡ್ಲಿ. ಅವಳಿಗೆ ಹತ್ತಲಿಲ್ಲ ಅಂದ್ರೆ, ಇನ್ಮೇಲೆ ಅವಳೇ ಹೋಗ್ಲಿ. ದೊಡ್ಡವಳು ಬಿಸಿಲೇರಿದ ಮೇಲೆ ಮಕ್ಕಳ್ನ ಕರ್ಕಂಡ್ ಬರ್ಲಿ. ನಡುದಾರೀಲಿ ನಿಂತ್ರೆ ಒಬ್ಬಳೇ ಏನ್ ಮಾಡ್ತಾಳೆ?" ನನ್ನ ಗಂಡ ತಲೆಯಾಡಿಸಿದ. ನನ್ನ ಐಮಂಗಲದ ಬೆಳಕು, ಮಂಡಿಯವರು ಬಿಡುವ ಜಾಗ, ಎಲ್ಲವನ್ನೂ ಒಂದು ತುತ್ತಿನ ಹೊತ್ತಿನಲ್ಲಿ ಎತ್ತಿ ಅವಳ ತಟ್ಟೆಗೆ ಹಾಕಿದ್ದರು.

ವಾರಗಿತ್ತಿ ಮೆಲ್ಲಗೆ, "ಅಕ್ಕನೂ ಬರ್ಲಿ ಅತ್ತೆ, ನಂಗೆ ಮಾರ್ಕೆಟ್ಟು ಗೊತ್ತಿಲ್ಲ" ಎಂದಳು. ಹಾಗಾಗಿ ಮಾರನೆಯ ನಸುಕಿನಲ್ಲಿ ನಾನು ಪಕ್ಕದ ಸೀಟಿನಲ್ಲಿ ಕೂತೆ. ಅವಳು ಕೀ ತಿರುಗಿಸಿದಳು. ದೀಪಗಳೆಲ್ಲ ಹತ್ತಿದವು. ನಾನು ಉಸಿರು ಹಿಡಿದು ಆ ಹಳದಿಯನ್ನೇ ನೋಡಿದೆ. ಹತ್ತಿಕೊಂಡೇ ಇರು, ನಿನ್ನ ದಮ್ಮಯ್ಯ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಆರಿತು. ಹಿರಿಯೂರು ದಾಟಿದೆವು, ಐಮಂಗಲ ದಾಟಿದೆವು, ದುರ್ಗದ ಬಂಡೆ ಬೆಟ್ಟ ಮಂಜಿನಿಂದ ಎದ್ದು ಬಂತು. ದೀಪ ಬರಲೇ ಇಲ್ಲ. ಚಳಿ ಅಷ್ಟೇ, ಹೊತ್ತು ಅಷ್ಟೇ, ಕಾರು ಅದೇ. ಬದಲಾಗಿದ್ದು ಕೈ ಒಂದೇ.

ಮಂಡಿಯಲ್ಲಿ ಅವಳು ಚೀಲ ಬಿಚ್ಚಿ ಹೂವನ್ನು ಒಮ್ಮೆ ಕೈಯಾಡಿಸಿ ಸಡಿಲ ಮಾಡಿದಳು. ಯಜಮಾನರು, "ಇವ್ರು ಯಾರಕ್ಕ? ಇವ್ರು ಮುಟ್ಟಿದ್ರೆ ಹೂವೇ ಅರಳ್ದಂಗೆ ಕಾಣ್ತೈತೆ. ಇನ್ಮೇಲೆ ಇವ್ರನ್ನೇ ಕಳಿಸ್ರಿ" ಎಂದು ನಕ್ಕರು. ತಮಾಷೆಗೆ ಅಂದದ್ದು. ಆದರೂ ಆ ಮನುಷ್ಯನ ಮೇಲೆ ಚೀಲ ಕವುಚಿಬಿಡಬೇಕು ಅನ್ನಿಸಿತು. ವಾಪಸು ಬರುವಾಗ ಅವಳು ದಾರಿಯಲ್ಲಿ ಬಿಸಿ ಇಡ್ಲಿ ಕೊಡಿಸಿದಳು. ನಾನು ಹಸಿವಿಲ್ಲ ಅಂದೆ. ಹಸಿವು ಜೋರಾಗಿತ್ತು.

ಮನೆಯಲ್ಲಿ ಮಾತು ಮುಗಿದುಹೋಗಿತ್ತು. ಅತ್ತೆ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಕೀ ತೆಗೆದು, "ನೀನೇ ಇಟ್ಕ" ಎಂದು ಅವಳ ಕೈಗೇ ಕೊಟ್ಟರು. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಎಲ್ಲರ ಮುಂದೆ ಜಗಳ ತೆಗೆದೆ. "ಮೆಕ್ಯಾನಿಕ್ ಥಂಡೀಲೇ ನೋಡ್ಬೇಕು ಅಂದಾನೆ. ನಾಳೆ ಒಂದಿನ ನಾನೇ ಹೋಗ್ತೀನಿ. ನಾಳೆ ಏನೂ ಗೊತ್ತಾಗ್ಲಿಲ್ಲ ಅಂದ್ರೆ ನಾನೇ ಬಾಯ್ಮುಚ್ಕಂಡು ಮಕ್ಕಳ್ನ ಕರ್ಕಂಡ್ ಬರ್ತೀನಿ" ಎಂದೆ. ಗಂಡ, "ಹೋಗ್ಲಿ ಬಿಡವ್ವ, ಒಂದಿನ ತಾನೆ" ಎಂದ. ವಾರಗಿತ್ತಿ ಸೊಂಟದಿಂದ ಕೀ ತೆಗೆದು ಕೊಟ್ಟಳು, ಬೆಳಗಿನ ಮಟ್ಟಿಗೆ.

ಆ ಬೆಳಗ್ಗೆ ಚಳಿ ಎಲುಬಿಗೆ ಇಳಿಯುತ್ತಿತ್ತು. ಕೂತೆ, ಕೀ ತಿರುಗಿಸಿದೆ. ದೀಪ ಹತ್ತಿತು, ಆರಲಿಲ್ಲ. ಈ ಸಲ ಅಳಲಿಲ್ಲ. ಇಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಮೆಕ್ಯಾನಿಕ್ಕಿಗೆ ವಿಡಿಯೋ ಕಾಲ್ ಹಚ್ಚಿದೆ. ಆತನೂ ಮಂಕಿಟೋಪಿ ಹಾಕಿಕೊಂಡು ಹಾಸಿಗೆಯಲ್ಲೇ ಎದ್ದು ಕೂತ.

"ಟಾರ್ಚ್ ಹಾಕ್ರಿ. ಮೊನ್ನೆ ನಾನು ಬದಲಾಯಿಸಿದ ಸೆನ್ಸರ್ ತೋರಿಸ್ರಿ. ಹಾಂ, ಅದೇ. ಪ್ಲಗ್ ಹಿಡಿದು ಅಲ್ಲಾಡಿಸ್ರಿ."

ಮುಟ್ಟಿದೆ. ಪ್ಲಗ್ಗು ಅರ್ಧ ಹೊರಗೆ ಬಂದಿತ್ತು.

"ನೋಡಿದ್ರಾ! ಲೂಸಾಗೈತೆ. ದಾರೀಲಿ ಕುಲುಕಾಡಿ, ಬಿಸಿಯಾಗಿ, ಹೆಂಗೋ ತಾಗ್ತೈತೆ. ತಾಗಿದ ಮೇಲೆ ನಾಲ್ಕು ಸಲ ಸ್ಟಾರ್ಟ್ ಮಾಡಿದ್ರೆ ಲೈಟು ತಾನೇ ಹೋಗ್ತೈತೆ" ಎಂದ. ಚಿಕ್ಕವಳು ಹಗಲೆಲ್ಲ ಅಂಗಡಿ, ಬ್ಯಾಂಕು, ಸ್ಕೂಲು ಎಂದು ನಿಲ್ಲಿಸಿ ನಿಲ್ಲಿಸಿ ಸ್ಟಾರ್ಟ್ ಮಾಡುತ್ತಿದ್ದಳಲ್ಲ, ಅವಳ ಕೈಗುಣ ಅಂದರೆ ಅಷ್ಟೇ! ನನಗೆ ಕುಣಿಯಬೇಕು ಅನ್ನಿಸಿತು. ಆದರೆ ಆತ ಹುಬ್ಬು ಗಂಟಿಕ್ಕಿದ. "ಒಂದೇ ಒಂದು ಗೊತ್ತಾಗ್ತಿಲ್ಲ ಅಕ್ಕ. ನಾನು ಒತ್ತಿ ಕೂರಿಸಿದ್ದೆ. ಯಾರೋ ಹಿಡಿದು ಎಳೆದಿದ್ರೆ ಮಾತ್ರ ಇದು ಹಿಂಗೆ ಹಿಂದಕ್ಕೆ ಬರಾದು. ಆ ಮುರಿದ ಕೊಂಡೀಲಿ ಅದೇನು ಕರ್ರಗೆ ಸಿಕ್ಕೈತೆ?"

ಟಾರ್ಚ್ ಹತ್ತಿರ ಹಿಡಿದೆ. ಎಳೆಗಳು. ಉಗುರಿನಲ್ಲಿ ಹಿಡಿದು ಎಳೆದರೆ ಒಂದಿಷ್ಟು ಕರಿ ಉಣ್ಣೆ ಕೈಗೆ ಬಂತು.

"ಕುರಿ ಏನಾದ್ರೂ ಬಾನೆಟ್ ಒಳಗೆ ಮಲಗ್ತಿತ್ತಾ ಅಕ್ಕ?" ಎಂದು ಆತ ನಕ್ಕ.

ನಾನು ನಗಲಿಲ್ಲ. ಈ ಮನೆಗೆ ಬಂದ ಮೇಲೆ ಉಣ್ಣೆ ಗುರುತಿಸುವುದು ನನಗೂ ಬರುತ್ತದೆ. ಅದು ಕುರಿಯ ಮೈಯಿಂದ ಉದುರಿದ್ದಲ್ಲ, ನೂತು ಹುರಿಗೊಳಿಸಿದ್ದು, ಹಳೆಯದು. ತಿರುಗಿ ನೋಡಿದೆ. ಹಟ್ಟಿಯ ಗೋಡೆಯ ಪಕ್ಕದಲ್ಲಿ ಅತ್ತೆ ನಿಂತಿದ್ದರು. ತೋಳಿನಲ್ಲಿ ಆ ಕರಿ ಕಂಬಳಿ ಮುದ್ದೆಯಾಗಿತ್ತು. ಹತ್ತಿರ ಹೋದರೆ ಪೆಟ್ರೋಲಿನ, ಇಂಜಿನ್ ಆಯಿಲಿನ ವಾಸನೆ.

"ಏನತ್ತೆ ಇದು?"

"ನೀನೇ ಅಂದಲ್ಲ, ಥಂಡಿ ಹಿಡಿತೈತೆ ಅಂತ" ಎಂದರು ಅತ್ತೆ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ. "ಮಲಗಾ ಮುಂಚೆ ಹೊದಿಸ್ತೀನಿ, ಆಗ ತಣ್ಣಗಾಗಿರ್ತೈತೆ. ನೀನು ಏಳಾದ್ರೊಳಗೆ ತೆಗಿತೀನಿ. ಹಂಗೂ ಹಾಳಾದ್ದು ಕೇಳವಲ್ದು."

ಮನೆಯ ಮುಂದೆ ನಿಂತ ಕಾರಿಗೆ ನಾವು ಬೀಗ ಹಾಕುತ್ತಿರಲಿಲ್ಲ; ಒಳಗೆ ಬಾನೆಟ್ಟಿನ ಹಿಡಿ ಎಲ್ಲಿದೆ ಎಂದು ಮಗ ನೀರು ಹಾಕುವಾಗ ನೋಡಿ ಕಲಿತಿದ್ದರಂತೆ. ಬಾನೆಟ್ ಎತ್ತಿ, ಇಂಜಿನ್ನಿನ ಮೇಲೆ ಕಂಬಳಿ ಹಾಸಿ, ಸಂದುಗೊಂದಿಗೆಲ್ಲ ಅಂಚು ತುರುಕಿ, ಮುಚ್ಚಿ, ತಾವು ಬರೀ ಸೆರಗು ಹೊದ್ದು ಮಲಗುತ್ತಿದ್ದರು. ನಸುಕಿನಲ್ಲಿ ಕತ್ತಲಲ್ಲೇ ಕಂಬಳಿ ಎಳೆಯುವಾಗ ಅದರ ಎಳೆ ಮುರಿದ ಕೊಂಡಿಗೆ ಸಿಕ್ಕಿ ಪ್ಲಗ್ಗನ್ನು ಹಿಂದಕ್ಕೆ ತರುತ್ತಿತ್ತು. ದಿನಾ. ಫೋನಿನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮೆಕ್ಯಾನಿಕ್, "ಅಯ್ಯೋ ಅಜ್ಜಿ, ಮರೆತು ಹಂಗೇ ಬಿಟ್ಟಿದ್ರೆ ಬೆಂಕಿ ಹತ್ಕಂತಿತ್ತು!" ಎಂದು ಕೂಗಿದ. ಅತ್ತೆ, "ಮರೆಯಾಕೆ ನಾನೇನು ನಿನ್ನಂಗಾ?" ಎಂದರು.

ನಾನು ಪ್ಲಗ್ಗನ್ನು ಒತ್ತಿ, ಹೂವಿನ ಚೀಲದ ದಾರದಿಂದ ಬಿಗಿದು ಕಟ್ಟಿ ಹೊರಟೆ. ಅವತ್ತು ಐಮಂಗಲದವರೆಗೂ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಆ ಕಂಬಳಿ ವಾರಗಿತ್ತಿಯ ಕೋಣೆಯಲ್ಲಿ ಇರಲಿಲ್ಲ. ನನ್ನ ಕಾರಿನ ಎದೆಯ ಮೇಲಿತ್ತು. ನಕ್ಕು ನಕ್ಕು ಆಮೇಲೆ ಒಂದು ಕಡೆ ನಿಲ್ಲಿಸಿ ಕಣ್ಣೊರೆಸಿಕೊಂಡೆ.

ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿಬಿಟ್ಟೆ. ಮುದುಕಿಯ ಮರ್ಯಾದೆ ಉಳಿಸಬೇಕು, ಸುಮ್ಮನಿರಬೇಕು ಎಂದು ದಾರಿಯಲ್ಲಿ ಅಂದುಕೊಂಡಿದ್ದು ನಿಜ. ಆದರೆ ಅಷ್ಟು ದಿನ ನನ್ನ ಕೈಯನ್ನು ಅಂದವರ ಮುಂದೆ ಬಾಯಿ ಸುಮ್ಮನಿರಲು ಒಪ್ಪಲಿಲ್ಲ. ನನ್ನ ಗಂಡ, ಮೈದುನ ಇಬ್ಬರೂ ಬಿದ್ದು ಬಿದ್ದು ನಕ್ಕರು. "ಕಾರಿಗೆ ಕಂಬಳೀನಾ ಅವ್ವಾ? ನಾಳೆ ಹುಲ್ಲೂ ಹಾಕು" ಎಂದ ಮೈದುನ. ಅತ್ತೆ ಸಿಡುಕಿದರು, "ನಗ್ರಿ ನಗ್ರಿ. ಕತ್ತಲಲ್ಲಿ ಒಬ್ಬಳೇ ಹೋಗಾಳು ನಾನಲ್ಲ, ನೀವಲ್ಲ."

ವಾರಗಿತ್ತಿ ನಗಲಿಲ್ಲ. ಸಾರಿನ ಸೌಟು ಹಿಡಿದವಳು ಹಾಗೇ ನಿಂತು ಕೇಳಿದಳು, "ಅತ್ತೆ, ಹಂಗಾದ್ರೆ ನಾನು ಹೋದ ದಿನ ಲೈಟು ಯಾಕೆ ಬರ್ಲಿಲ್ಲ?"

"ಅವತ್ತು ಹಾಕಿರ್ಲಿಲ್ಲ."

"ಯಾಕೆ?"

"ನಿಂಗ್ಯಾಕವ್ವ ಕಂಬಳಿ?" ಎಂದರು ಅತ್ತೆ, ಮುದ್ದೆ ಮುರಿಯುತ್ತಾ, ಇಷ್ಟೂ ತಿಳಿಯದಾ ಎನ್ನುವ ಹಾಗೆ. "ನಿನ್ ಕೈಗುಣ ಐತೆ, ಗಾಡಿ ನಿನ್ ಮಾತು ಕೇಳ್ತೈತೆ. ತಾಯಿ ಒಲ್ಲೆ ಅಂತ ಒದ್ದು ಓಡಿಸಿದ ಮರೀಗೆ ತಾನೆ ಕಂಬಳಿ ಹೊದಿಸಾದು. ಗಟ್ಟಿ ಮರೀಗೆ ಯಾರು ಹೊದಿಸ್ತಾರೆ?"

ಬೈದರೋ ಮುದ್ದು ಮಾಡಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಎರಡನ್ನೂ ಸಾರಿನ ಜೊತೆ ನುಂಗಿದೆ. ಹೂವಿನ ಪಯಣ ನನ್ನದೇ ಎಂದು ಗಂಡ ಹೇಳಿದ. ಅತ್ತೆ ಹ್ಞೂಂ ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಊಟವಾದ ಮೇಲೆ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದೆ. ವಾರಗಿತ್ತಿ ಪಾತ್ರೆ ತೊಳೆಯುತ್ತಿದ್ದಳು. ತಟ್ಟೆ ಇಡುವುದು ನೆಪ. ಅವಳ ಮುಖ ನೋಡಬೇಕಿತ್ತು ನನಗೆ. ಅವಳು ತಲೆ ಎತ್ತದೆ ಹೇಳಿದಳು, "ಹೋದ್ ವರ್ಷ ನಂಗೆ ಚಳಿಜ್ವರ ಬಂದು ಹಲ್ಲು ಕಟಕಟ ಅಂತಿತ್ತಲ್ಲ ಅಕ್ಕ, ಆವಾಗ ಆ ಕಂಬಳಿ ಕೇಳಿದ್ದೆ. 'ನೀನು ಗಟ್ಟಿಗಿತ್ತಿ, ಬೆಳಗಾಗಾದ್ರಲ್ಲಿ ಎದ್ದೇಳ್ತಿ ಬಿಡು' ಅಂದ್ರು."

"ಆಮೇಲೆ?" ಎಂದೆ.

"ಎದ್ದೆ" ಎಂದಳು.

ಸೊಂಟದಿಂದ ಕೀ ತೆಗೆದು ಒದ್ದೆ ಕೈಯಲ್ಲೇ ನನಗೆ ಕೊಟ್ಟಳು. ಕೊಡುವಾಗ ಒಮ್ಮೆ ಮುಖವೆತ್ತಿ ನೋಡಿದಳು. ಆ ನೋಟದ ಪರಿಚಯ ನನಗೆ ಚೆನ್ನಾಗಿದೆ. ಇಷ್ಟು ವರ್ಷ ಅವಳನ್ನು ನಾನು ನೋಡುತ್ತಿದ್ದುದು ಹಾಗೆಯೇ.